ಸೇವಂತಿಗೆಯೊಳಗಿನ ಪಿನ್ನು

ಕೆಲಸ ಮುಗಿದ ಮೇಲೆ ಒಂದು ನಟ್ಟು ಮಿಕ್ಕರೂ ಅವನು ಮೆಕ್ಯಾನಿಕ್ಕೇ ಅಲ್ಲ ಎಂದು ಇಪ್ಪತ್ತೆರಡು ವರ್ಷ ಊರಿಗೆಲ್ಲ ಬುದ್ಧಿ ಹೇಳಿಕೊಂಡು ಬಂದವನು ನಾನು. ಲಕ್ಷ್ಮೀಪುರಂನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲೇ ನನ್ನ ಕೆಲಸ. ಹಳೆಯ ಜಪಾನಿ ಕಾರುಗಳ ಗೇರ್ ಬಾಕ್ಸ್ ಕೆಟ್ಟರೆ ರುದ್ರಸ್ವಾಮಿಯ ಹತ್ತಿರ ಹೋಗಿ ಎಂದು ಜನ ಹೇಳುತ್ತಿದ್ದರು. ನಾನೂ ಬೇಡವೆನ್ನುತ್ತಿರಲಿಲ್ಲ.

1997ರ ದಸರಾಕ್ಕೆ ಮುಂಚೆ ರಾಮಕೃಷ್ಣನಗರದ ಯೋಗೇಂದ್ರ ತಮ್ಮ ಕೆಂಪು ಸೆಲಿಕಾ ಕಾರು ತಂದು ನಿಲ್ಲಿಸಿದರು. ಎಪ್ಪತ್ನಾಲ್ಕನೇ ಇಸವಿಯ ಗಾಡಿ. ಎಂಜಿನ್ನು ಕುದುರೆ, ಗೇರು ಮಾತ್ರ ಕಲ್ಲು. ಬೆಂಗಳೂರಿನ ಗುಜರಿಯಲ್ಲಿ ಅದಕ್ಕೆ ಹೊಂದುವ ಎರಡು ಬಾಕ್ಸ್ ಸಿಕ್ಕವು. ನಾಲ್ಕು ಗೇರಿನದು ಗಟ್ಟಿಮುಟ್ಟಾಗಿತ್ತು, ಹಾಗೇ ಎತ್ತಿ ಕೂರಿಸಬಹುದಿತ್ತು. ಐದು ಗೇರಿನದರಲ್ಲಿ ಹಲ್ಲುಗಳು ಚೆನ್ನಾಗಿದ್ದವು, ಹೊರಗಿನ ಡಬ್ಬ ಬಿರುಕು ಬಿಟ್ಟಿತ್ತು. ಅಂಥ ಗಾಡಿಗೆ ನಾಲ್ಕು ಗೇರು ಹಾಕುವುದು ಅವಮಾನ ಎಂದು ಐದರದನ್ನೇ ಆರಿಸಿದೆ. ಅದರ ಹಲ್ಲುಗಳನ್ನೆಲ್ಲ ಬಿಚ್ಚಿ ಯೋಗೇಂದ್ರರ ಗಾಡಿಯ ಹಳೆಯ ಡಬ್ಬಕ್ಕೆ ಕೂರಿಸಲು ಹೊರಟೆ.

ಅವರ ಮಗಳು ವಾಣಿ ಆಗ ತಾನೇ ಲೈಸೆನ್ಸ್ ತೆಗೆದುಕೊಂಡಿದ್ದಳು. ಒಮ್ಮೆ ನಮ್ಮ ಬೀದಿಯಲ್ಲಿ ಅಂಬಾಸಿಡರ್ ಓಡಿಸಿ ತೋರಿಸಿದಾಗ, "ಬಾವಿಯಿಂದ ನೀರು ಸೇದೋ ಹಂಗೆ ಗೇರ್ ಎಳೀಬೇಡ ಕಣಮ್ಮ" ಎಂದು ರೇಗಿಸಿದ್ದೆ. ಸೆಲಿಕಾ ಮಾತ್ರ ಯೋಗೇಂದ್ರ ಅವಳಿಗೆ ಮುಟ್ಟಲೂ ಕೊಡುತ್ತಿರಲಿಲ್ಲ. "ಈ ಗೇರು ಇವಳ ಕೈಗೆ ಬಗ್ಗಲ್ಲ, ಬುಡಿ" ಎನ್ನುತ್ತಿದ್ದರು.

ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೂರಿಸುವ ವರಸೆಯಲ್ಲೇ ಚಾಪೆಯ ಮೇಲೆ ಸಾಲಾಗಿ ಇಡುವುದು ನನ್ನ ಪದ್ಧತಿ. ಕೊನೆಗೆ ಚಾಪೆ ಖಾಲಿಯಾದರೆ ಕೆಲಸ ಸರಿ. ಅಷ್ಟರಲ್ಲಿ ಆಯುಧಪೂಜೆ ಬಂತು. ಸ್ಪ್ಯಾನರುಗಳಿಗೆ ವಿಭೂತಿ ಹಚ್ಚುತ್ತಿದ್ದ ನನ್ನ ಹೆಂಡತಿ ಬಸಮ್ಮ, "ನಮಗೆ ಅನ್ನ ಹಾಕೋದು ಇವೂ ಅಲ್ವೇನ್ರೀ?" ಎಂದು ಚಾಪೆಯ ಕಡೆ ನೋಡಿದಳು. ಸರಿಯೆನಿಸಿತು. ಸಣ್ಣ ಭಾಗಗಳನ್ನೆಲ್ಲ ನಾನೇ ಕೈಯಾರೆ ಹಿತ್ತಾಳೆ ತಟ್ಟೆಗೆ ತುಂಬಿ ದೇವರ ಮುಂದಿಟ್ಟೆ. ಅವಳು ಕುಂಕುಮ ಇಟ್ಟು ಸೇವಂತಿಗೆ ಏರಿಸಿದಳು. ವಿಜಯದಶಮಿ ಕಳೆದ ಮೇಲೆ ತಟ್ಟೆಯಿಂದ ಒಂದೊಂದೇ ಎತ್ತಿ ಕೂರಿಸಿದೆ. ಸಾಲು ಕೆಟ್ಟಿದ್ದರೇನು, ಲೆಕ್ಕ ತಲೆಯಲ್ಲಿದೆ ಎಂದುಕೊಂಡೆ. ಕೊಬ್ಬು.

ಗಾಡಿಯನ್ನು ಚಾಮುಂಡಿಬೆಟ್ಟ ಹತ್ತಿಸಿ ಇಳಿಸಿದೆ. ಗೇರು ಎರಡೇ ಬೆರಳಿಗೆ ಬೀಳುತ್ತಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬುಧವಾರ ಬೆಳಿಗ್ಗೆ ಏಳಕ್ಕೆ ಯೋಗೇಂದ್ರ ಬಂದು ಗಾಡಿ ಒಯ್ದರು. ಹೆಂಡತಿ, ಮಗಳನ್ನು ಹತ್ತಿಸಿಕೊಂಡು ಹುಣಸೂರು, ಮಡಿಕೇರಿ ಮೇಲೆ ಮಂಗಳೂರಿಗೆ ಹೊರಡುವವರಿದ್ದರು. ಎಂಟಕ್ಕೆ ಬಸಮ್ಮ ತಟ್ಟೆಯ ಬಾಡಿದ ಹೂವು ತೆಗೆಯುತ್ತಾ ಕೂಗಿದಳು.

"ರೀ, ಇದೇನ್ರೀ ಹೂವಿನೊಳಗೆ?"

ಅವಳ ಅಂಗೈಯಲ್ಲಿ ಕುಂಕುಮ ಮೆತ್ತಿದ ಉಕ್ಕಿನ ಪಿನ್ನು. ಅವರೆಕಾಳಿಗಿಂತ ಚೂರು ಉದ್ದ.

ಕಿತ್ತುಕೊಂಡು ಕುಂಕುಮ ಒರೆಸಿ ನೋಡಿದೆ. ಎರಡು ಗೇರು ಒಟ್ಟಿಗೆ ಬೀಳದಂತೆ ತಡೆಯುವ ಪಿನ್ನು ಅದು. ಅದಿಲ್ಲದೆಯೂ ಗಾಡಿ ಓಡುತ್ತದೆ, ಗೇರು ಇನ್ನಷ್ಟು ಹಗುರವಾಗುತ್ತದೆ. ನಾನು ಬೆನ್ನು ತಟ್ಟಿಕೊಂಡದ್ದು ಇದಕ್ಕೇ. ಆದರೆ ಅವಸರದ ಕೈ ಒಮ್ಮೆ ಓರೆಯಾಗಿ ಎಳೆದರೆ ಎರಡು ಗೇರು ಕಚ್ಚಿಕೊಂಡು, ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಅಲ್ಲೇ ಬಿಗಿಯುತ್ತದೆ. ಘಾಟಿಯ ತಿರುವಿನಲ್ಲಿ ಹಾಗಾದರೆ ಮುಂದಿನದನ್ನು ಹೇಳಬೇಕಿಲ್ಲ.

"ಆಟೋ ಹತ್ತಿ ಅವರ ಮನೆಗೆ ಹೋಗು. ಇನ್ನೂ ಹೊರಟಿಲ್ದಿದ್ರೆ ಕಾಲು ಹಿಡಿದಾದ್ರೂ ನಿಲ್ಸು" ಎಂದು ಬಸಮ್ಮನನ್ನು ಓಡಿಸಿ, ನಾನು ಸ್ಕೂಟರಿನಲ್ಲಿ ಹುಣಸೂರು ರಸ್ತೆ ಹಿಡಿದೆ. ಇಲವಾಲದ ಪೆಟ್ರೋಲ್ ಬಂಕಿನವನು, "ಕೆಂಪು ಕಾರಾ? ಹೋಗಿ ಅರ್ಧ ಗಂಟೆ ಆಯ್ತು ಸಾರ್" ಎಂದ. ಸೆಲಿಕಾದ ಹಿಂದೆ ನನ್ನ ಸ್ಕೂಟರು! ಆದರೂ ಹುಚ್ಚನ ಹಾಗೆ ಇನ್ನಷ್ಟು ದೂರ ಓಡಿಸಿದೆ. ಆಮೇಲೆ ಬುದ್ಧಿ ಬಂದು ತಿರುಗಿಸಿದೆ. ಉಳಿದ ಧೈರ್ಯ ಒಂದೇ, ಯೋಗೇಂದ್ರರ ಕೈ. ಅವರು ಅವಸರದವರಲ್ಲ. ಗೇರನ್ನು ನಡುವಿಗೆ ತಂದು, ಒಂದು ಗಳಿಗೆ ನಿಲ್ಲಿಸಿ, ಆಮೇಲೆ ತಳ್ಳುವವರು. ಆ ಕೈಯಲ್ಲಿ ಪಿನ್ನಿಲ್ಲದೆಯೂ ಗಾಡಿ ಮಂಗಳೂರು ಮುಟ್ಟೀತು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮನೆ ಮುಟ್ಟಿದಾಗ ಹತ್ತು ಗಂಟೆ. ಬಸಮ್ಮ ಇನ್ನೂ ಬಂದಿರಲಿಲ್ಲ, ಅವರ ಮನೆಯ ಮುಂದೆಯೇ ಕಾದಿದ್ದಳೋ ಏನೋ. ಪಕ್ಕದ ಮನೆಯ ಗಿರಿಜಾಂಬಾ ಗೇಟಿನಲ್ಲೇ ನಿಂತಿದ್ದರು. ನಮಗೆ ಬರುವ ಫೋನೆಲ್ಲ ಅವರ ಮನೆಗೇ; ಬೆಳಗಿನ ಗಾಬರಿಯಲ್ಲಿ ಅದು ನೆನಪಿಗೇ ಬಂದಿರಲಿಲ್ಲ.

"ಇಬ್ರೂ ಎಲ್ಲಿಗೆ ಹೋಗಿದ್ರಿ ರುದ್ರಸ್ವಾಮಿ? ಒಂಬತ್ತಕ್ಕೆ ಹುಣಸೂರಿಂದ ಯೋಗೇಂದ್ರ ಅವರು ಫೋನ್ ಮಾಡಿದ್ರು. ನಿಮಗೇ ಹೇಳ್ಬೇಕು ಅಂತ ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದ್ರು ಪಾಪ."

"ಏನಂದ್ರು?"

"ಗೇರು ಬೆಣ್ಣೆ ಆಗ್ಬುಟ್ಟಿದೆ ಅಂದ್ರು ಕಣ್ರೀ!" ತಮ್ಮನ್ನೇ ಹೊಗಳಿದಂತೆ ಗಿರಿಜಾಂಬಾ ನಕ್ಕರು. "ಇಷ್ಟು ಹಗುರ ಇದ್ಮೇಲೆ ಇನ್ನೇನು ಭಯ ಅಂತ ಅಲ್ಲಿಂದ ಮುಂದಕ್ಕೆ ವಾಣಿ ಕೈಗೇ ಕೊಟ್ರಂತೆ. ಎಲ್ಲಾ ರುದ್ರಸ್ವಾಮಿ ಕೈಗುಣ, ಹೇಳ್ಬುಡಿ ಅಂದ್ರು."

ನಾನು ಜೇಬಿನಿಂದ ಪಿನ್ನು ತೆಗೆದು ತೋರಿಸಿದೆ, ವಿಷಯ ಹೇಳಿದೆ. ಅವರ ನಗು ಆರಿತು. ಇಬ್ಬರೂ ಅವರ ಮನೆಯೊಳಗೆ ಓಡಿ ಕುಶಾಲನಗರದ ಪೊಲೀಸ್ ಠಾಣೆಗೆ, ಮಡಿಕೇರಿಯ ಠಾಣೆಗೆ ನಂಬರು ತಿರುಗಿಸಿದೆವು. ಈ ಮಾರ್ಗದ ಎಲ್ಲಾ ಲೈನುಗಳು ಕಾರ್ಯನಿರತವಾಗಿವೆ ಎಂದು ಒಂದು ಹೆಂಗಸಿನ ದನಿ ಬೇಸರವಿಲ್ಲದೆ ಹೇಳುತ್ತಲೇ ಇತ್ತು. ಗೋಡೆಯ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಕುಶಾಲನಗರ ದಾಟಿರುತ್ತಾರೆ. ಇನ್ನು ಮುಂದೆ ರಸ್ತೆಯೆಲ್ಲ ತಿರುವು.

ರಿಸೀವರ್ ಇಟ್ಟು ಫೋನಿನ ಪಕ್ಕ ನೆಲದ ಮೇಲೆ ಕೂತೆ. ಅದು ಬಡಿದುಕೊಳ್ಳಲಿ ಎಂದು ಶಿವನನ್ನು ಬೇಡಬೇಕೋ, ಬಡಿದುಕೊಳ್ಳದಿರಲಿ ಎಂದು ಬೇಡಬೇಕೋ ನನಗೆ ತಿಳಿಯಲಿಲ್ಲ.