ಹೆಣ್ಣಿಗೆ ಹೆಣ್ಣು

ಕುರ್ದಿಶ್ ಸಮಾಜ ಮತ್ತು ಸಂಸ್ಕೃತಿ ಎಂಬ ಐಚ್ಛಿಕ ಪತ್ರಿಕೆಯನ್ನು ಗೋದಾವರಿ ಹತ್ತೊಂಬತ್ತು ವರ್ಷಗಳಿಂದ ಕಲಿಸುತ್ತ ಬಂದಿದ್ದಳು. ಕುರ್ದರ ನಾಡನ್ನು ಮಾತ್ರ ಕಣ್ಣಾರೆ ಕಂಡವಳಲ್ಲ. ಬೀದರಿನಲ್ಲಿ ಹುಟ್ಟಿ, ಉರ್ದುವಿನ ಬೆನ್ನು ಹತ್ತಿ ಫಾರಸಿಗೆ, ಫಾರಸಿಯಿಂದ ಕುರ್ದಿಶಿಗೆ ಹೋದವಳು. ಹೈದರಾಬಾದಿನ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಭಾನುವಾರ ಭಾನುವಾರ ಆರಿಸಿ ತಂದ ಹಳೆಯ ಪ್ರವಾಸ ಕಥನಗಳಿಂದ ಟಿಪ್ಪಣಿ ಮಾಡಿಕೊಂಡಿದ್ದಳು. ಆ ಟಿಪ್ಪಣಿಗಳ ಅಂಚು ಈಗ ಹಳದಿಯಾಗಿತ್ತು.

ಆ ವರ್ಷ ಹೆಸರು ಕೊಟ್ಟವರು ಐದೇ ಮಂದಿ. ಐದಕ್ಕೆ ಒಂದು ಕಡಿಮೆಯಾದರೂ ಪತ್ರಿಕೆ ಮುಚ್ಚಬೇಕೆಂಬುದು ವಿಶ್ವವಿದ್ಯಾಲಯದ ಹೊಸ ನಿಯಮ. ವಿಭಾಗದ ಮುಖ್ಯಸ್ಥ ರವಿಶಂಕರ್ ಧಾರವಾಡದ ಕಡೆಯವರು. ಕನ್ನಡದಲ್ಲೇ ಹೇಳಿದರು.

"ಒಬ್ರು ಬಿಟ್ರೂ ನನ್ನ ಕೈಯಾಗ ಏನೂ ಉಳಿಯಂಗಿಲ್ರಿ. ಹುಡುಗ್ರೆಲ್ಲ ಅಮೀರ್‌ಪೇಟಿಗೆ ಜಾವಾ ಕಲಿಯಾಕ ಹೊಂಟಾರ. ಮ್ಯಾಲಿನವರು ಸಾಫ್ಟ್ ಸ್ಕಿಲ್ಸ್ ಶುರು ಮಾಡ್ರಿ ಅನ್ನಾಕತ್ತಾರ. ನೀವ ತಗೋರಿ, ಅರವತ್ತು ಮಂದಿ ಬರ್ತಾರ."

"ಅದರಾಗ ಏನ ಕಲಿಸ್ಬೇಕ್ರಿ?"

"ನಗೋದು, ಕೈ ಕುಲುಕೋದು. ನಿಮಗ ಸ್ವಲ್ಪ ಕಷ್ಟ ಆಗ್ತೈತಿ ಬಿಡ್ರಿ."

ಅವಳು ನಗಲಿಲ್ಲ. ಗಂಡ ಪ್ರಹ್ಲಾದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಮನೆಯಲ್ಲಿ ಕುರ್ಚಿಯಿಂದ ಹಿಡಿದು ಕೊನೆಯ ಮಾತಿನವರೆಗೆ ಎಲ್ಲವೂ ಅವನದೇ. ವಾರಕ್ಕೆ ನಾಲ್ಕು ತಾಸಿನ ಆ ಪಾಠವೊಂದೇ ಅವಳದು.

ಐದನೆಯವಳು ಶಿಲಾನ್. ಇರಾಕಿನ ಸುಲೈಮಾನಿಯಾದಿಂದ ಎಂ.ಎ. ಓದಲು ಬಂದ ಕುರ್ದಿಶ್ ಹುಡುಗಿ. "ನನ್ನ ಬಗ್ಗೆ ನಾನೇ ಓದಿ ಪಾಸಾಗುವುದು ಸುಲಭ ಅಂದುಕೊಂಡೆ, ಮೇಡಂ," ಎಂದು ಮೊದಲ ದಿನ ಇಂಗ್ಲಿಷಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು.

ಆರನೆಯ ವಾರದ ಪಾಠ ಝಿನ್-ಬ-ಝಿನ್. ಹಾಗೆಂದರೆ ಹೆಣ್ಣಿಗೆ ಹೆಣ್ಣು. ಈ ಮನೆಯ ಮಗಳನ್ನು ಆ ಮನೆಗೆ ಕೊಟ್ಟು, ಆ ಮನೆಯ ಮಗಳನ್ನು ಈ ಮನೆಗೆ ತಂದುಕೊಳ್ಳುವ ಮದುವೆ. ಗೋದಾವರಿ ಎಂದಿನಂತೆ ಟಿಪ್ಪಣಿ ಓದಿದಳು: ವಧುವಿಗಾಗಿ ತೆರ ಕೊಡುವ ಹೊರೆ ತಪ್ಪುತ್ತದೆ, ಎರಡು ಮನೆಗಳ ನಂಟು ಗಟ್ಟಿಯಾಗುತ್ತದೆ, ಹೆಣ್ಣಿಗೆ ಭದ್ರತೆ ಸಿಗುತ್ತದೆ.

"ಭದ್ರತೆ ಅಂತ ಹೇಳಿದವರು ಯಾರು, ಮೇಡಂ?" ಶಿಲಾನ್ ಕೇಳಿದಳು.

"ಪುಸ್ತಕದಲ್ಲಿದೆ. ನಿನಗೆ ಬೇರೆ ಅನಿಸಿದರೆ ಪ್ರಬಂಧ ಬರಿ."

ಬರೆದಳು. ಏಳು ಪುಟ. ಅವಳ ತಾಯಿಯೂ ಸೋದರತ್ತೆಯೂ ಹಾಗೆ ಅದಲುಬದಲಾದವರು. ಅತ್ತೆ ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಳು. ಮರುವಾರವೇ ತಾಯಿಯ ತವರಿನವರು ಬಂದು ತಮ್ಮ ಮಗಳನ್ನು ಕರೆದೊಯ್ದರು. ತಾಯಿಗೆ ಗಂಡನ ಮೇಲೆ ಯಾವ ದೂರೂ ಇರಲಿಲ್ಲ. ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಒಂಬತ್ತು ವರ್ಷದ ಶಿಲಾನ್ ಅದನ್ನು ಇಳಿಸಿ ತಮ್ಮನಿಗೆ ಉಣ್ಣಿಸಿದ್ದಳು.

ಗೋದಾವರಿ ಅದನ್ನು ಒಂದೇ ಸಲ ಓದಿದಳು. ಎರಡನೆಯ ಸಲಕ್ಕೆ ಧೈರ್ಯವಾಗಲಿಲ್ಲ. ಅವಳದೂ ಅದೇ ಮದುವೆ. ಪ್ರಹ್ಲಾದನ ತಂಗಿ ವಿಶಾಲಾಕ್ಷಿಯನ್ನು ಗೋದಾವರಿಯ ಅಣ್ಣನಿಗೆ ತಂದುಕೊಂಡಿದ್ದರು. ಮದುವೆಯಾದ ಎರಡನೆಯ ವರ್ಷ ಕೆನ್ನೆ ಬಾತು ಬೀದರಿಗೆ ಹೋದಾಗ, ಅಪ್ಪ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಆರು ತಿಂಗಳ ಬಸುರಿ ವಿಶಾಲಾಕ್ಷಿಯ ಟ್ರಂಕನ್ನು ತಂದು ಪಡಸಾಲೆಯಲ್ಲಿಟ್ಟ, ಅಷ್ಟೇ. ಅಂದೇ ಸಂಜೆಯ ಬಸ್ಸಿಗೆ ಗೋದಾವರಿ ಹೈದರಾಬಾದಿಗೆ ಹಿಂದಿರುಗಿದಳು. ಹತ್ತೊಂಬತ್ತು ವರ್ಷ ಭದ್ರತೆ ಎಂದು ಓದಿ ಹೇಳಿದವಳು ಅವಳೇ.

ಹಸಿರು ಪೆನ್ನು ತೆಗೆದುಕೊಂಡಳು. ವೈಯಕ್ತಿಕ ಅನುಭವ ಆಧಾರವಾಗದು, ಆಕರ ಗ್ರಂಥಗಳನ್ನು ಕೊಡಿ ಎಂದು ಬರೆದು, ಮೂವತ್ತಕ್ಕೆ ಐದು ಅಂಕ ಹಾಕಿದಳು. ಆಧಾರವಿಲ್ಲದ ಪ್ರಬಂಧಕ್ಕೆ ವಿಭಾಗದಲ್ಲಿ ಎಲ್ಲರೂ ಕೊಡುತ್ತಿದ್ದುದು ಅಷ್ಟೇ. ಮರುದಿನ ಶಿಲಾನ್ ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು.

ಆ ಮಧ್ಯಾಹ್ನ ಗೋದಾವರಿ ಬೀದರಿಗೆ ಫೋನು ಮಾಡಿದಳು. ಅವಳು ವಿಶಾಲಾಕ್ಷಿಗೆ ವೈನಿ, ವಿಶಾಲಾಕ್ಷಿ ಅವಳಿಗೆ ವೈನಿ. ಇಬ್ಬರೂ ಒಬ್ಬರಿಗೊಬ್ಬರು ಅಣ್ಣನ ಹೆಂಡತಿಯರು.

"ವೈನಿ, ಅವತ್ತ ನಿಮ್ಮ ಟ್ರಂಕು ಹೊರಗ ಇಟ್ಟಿದ್ರಲ್ಲ, ನೆನಪೈತೇನ್ರಿ?"

"ಇರಲಾರದೇನ್ರಿ? ನಿಲ್ರಿ, ಕುಕ್ಕರ್ ಆರಿಸಿ ಬರ್ತೀನಿ." ಬಂದಳು. "ಈಗ್ಯಾಕ ಅದು?"

"ನನ್ನ ಮ್ಯಾಲೆ ಸಿಟ್ಟು ಬಂದಿತ್ತೇನ್ರಿ?"

"ಸಿಟ್ಟೇನಿಲ್ಲ. ನೀವು ಬಸ್ಸು ಹತ್ತಿದ್ರ ಹನುಮಪ್ಪಗ ಕಾಯಿ ಒಡೆಸ್ತೀನಿ ಅಂತ ಬೇಡ್ಕೊಂಡಿದ್ದೆ. ಮಾರನೇ ದಿನ ಒಡೆಸಿದೆ. ನಮ್ಮಣ್ಣ ಮತ್ತ ಹೊಡೀತಾನ ಅಂತ ನನಗ ಗೊತ್ತಿತ್ರಿ, ವೈನಿ."

ಪತ್ರಿಕೆ ಬಿಡಲು ಶುಕ್ರವಾರ ಕೊನೆಯ ದಿನ. ಹನ್ನೊಂದು ಗಂಟೆಗೆ ಶಿಲಾನ್ ಅರ್ಜಿ ಹಿಡಿದು ಬಂದಳು. ಅದಕ್ಕೆ ಅಧ್ಯಾಪಕರ ಸಹಿ ಬೇಕು.

"ಕೂತ್ಕೋ," ಗೋದಾವರಿ ಇಂಗ್ಲಿಷಿನಲ್ಲಿ ಹೇಳಿದಳು. "ಆ ಪ್ರಬಂಧ ಇನ್ನೊಮ್ಮೆ ಕೊಡು. ಅಂಕ ತಿದ್ದುತ್ತೇನೆ."

"ಆಕರ ಗ್ರಂಥ ಸಿಕ್ಕಿಲ್ಲ, ಮೇಡಂ."

"ಬೇಕಿಲ್ಲ."

"ಹೋದ ವಾರ ಬೇಕಿತ್ತಲ್ಲ?" ಹುಡುಗಿಯ ದನಿಯಲ್ಲಿ ಒರಟುತನವಿರಲಿಲ್ಲ. "ನಾನು ಹೋದರೆ ನಾಲ್ಕೇ ಜನ ಉಳಿಯುತ್ತಾರೆ ಅಂತ ಆಫೀಸಿನಲ್ಲಿ ಹೇಳಿದರು."

ಗೋದಾವರಿಗೆ ಬೇರೆ ದಾರಿ ಕಾಣಲಿಲ್ಲ. ಗೆಳತಿಯರಲ್ಲಿ, ಸಹೋದ್ಯೋಗಿಗಳಲ್ಲಿ, ಹೊರಗಿನ ಯಾರ ಹತ್ತಿರವೂ ಬಾಯಿಬಿಡದೆ ಇಟ್ಟುಕೊಂಡ ಮಾತು. "ನನ್ನದೂ ಅದೇ ಮದುವೆ, ಶಿಲಾನ್. ನನ್ನ ಅತ್ತಿಗೆಗಾಗಿ ನಾನು ತಿರುಗಿ ಹೋದೆ."

ಹೇಳಿದ ಮೇಲೆ ಅದು ಎಷ್ಟು ಅಗ್ಗವಾಗಿ ಕೇಳಿಸಿತೆಂದು ಅವಳಿಗೇ ತಿಳಿಯಿತು. ನಿಜವಾಗಿ ನಡೆದದ್ದನ್ನೇ ಹೇಳಿದ್ದಳು, ಆದರೆ ಐದು ಎಂಬ ಸಂಖ್ಯೆ ಉಳಿಸಿಕೊಳ್ಳಲು ಹೇಳಿದ್ದಳು.

ಶಿಲಾನ್ ಅರ್ಜಿಯಿಂದ ತಲೆಯೆತ್ತಿದಳು.

"ಹಾಗಾದರೆ ಓದುವಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನಿಮಗೆ ಗೊತ್ತಿಲ್ಲ ಅಂದುಕೊಂಡು ಬರೆದೆ ನಾನು," ಎಂದಳು ಹುಡುಗಿ. "ತಿಳಿಸೋಣ ಅಂತ." ಅರ್ಜಿಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದಳು.

ಗೋದಾವರಿ ಸಹಿ ಹಾಕಿದಳು. ಕೆಳಗೆ ದಿನಾಂಕ ಹಾಕುವುದು ಮರೆತಿತ್ತು. ಶಿಲಾನ್ ಆ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿ, ಬರೆದು ಮುಗಿಸುವವರೆಗೆ ನಿಂತೇ ಇದ್ದಳು.