ವಾಸನೆ ನೋಡುವ ಗಾಳೆಪ್ಪ

ಆ ದಿನ ಲಾಡ್ಜಿನ ಗುಂಡಿಗೆ ಯಾರೂ ಇಳಿಯಲಿಲ್ಲ.

ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂಬ ಕಾನೂನು ಬಂದು ಎಷ್ಟೋ ವರ್ಷವಾಯಿತು. ಹೆದ್ದಾರಿ ಬಸ್ಸಿನಲ್ಲಿ ಕೂತು ಬಂದ ಆ ಕಾನೂನು ಕೂಡ್ಲಿಗಿಯ ನಮ್ಮ ಕೇರಿಯಲ್ಲಿ ಇಳಿಯದೆ ಮುಂದೆ ಹೋಗಿದೆ. ಮೇಸ್ತ್ರಿ ಕೊಟ್ರಬಸಪ್ಪನ ಹತ್ತಿರ ಗುಂಡಿ ಹೀರುವ ಯಂತ್ರವಿರಲಿಲ್ಲ, ಗಾಳೆಪ್ಪನ ಮೂಗಿತ್ತು. ಮುಚ್ಚಳ ಒಂದು ಗೇಣು ಸರಿಸಿ, ಬೋರಲು ಮಲಗಿ, ಗಾಳೆಪ್ಪ ವಾಸನೆ ನೋಡುತ್ತಿದ್ದ. ವಿಷಗಾಳಿಯ ಗುರುತಾದ ಕೊಳೆತ ಮೊಟ್ಟೆಯ ನಾತ ಬಂದರೆ ಕೈ ಅಡ್ಡ ಆಡಿಸುವನು. ಇಲ್ಲದಿದ್ದರೆ ಇಳಿಯಿರಿ ಎನ್ನುವನು. ಇಪ್ಪತ್ತು ವರ್ಷ ಆ ಮೂಗಿನ ಮೇಲೆ ಜೀವವಿಟ್ಟು ಜನ ಇಳಿದಿದ್ದರು.

ಈ ಸಲದ ಜ್ವರ ಮೂಗನ್ನು ಕೊಂಡೊಯ್ದಿತು. ಸಾರು ಹೊತ್ತಿದ್ದೂ ತಿಳಿಯಲಿಲ್ಲವೇ ಎಂದು ಹೆಂಡತಿ ದುರುಗಮ್ಮ ಬೈದಳು. ಕೂಲಿ ಹೋದೀತೆಂದು ಅವನು ಹೊರಗೆ ಬಾಯಿ ಬಿಡಲಿಲ್ಲ. ಎರಡು ಸಲ ಬರೀ ಅಂದಾಜಿನ ಮೇಲೆ ಇಳಿ ಎಂದ. ಎರಡು ಸಲವೂ ಇಳಿದದ್ದು ತಂಗಿಯ ಮಗ ಹುಲುಗೇಶ. ಅವನು ಮೇಲೆ ಬರುವ ತನಕ ಗಾಳೆಪ್ಪ ಉಸಿರು ಹಿಡಿದು ನಿಂತಿದ್ದ.

ದುರುಗಮ್ಮ ದವಾಖಾನೆಗೆ ಎಳೆದೊಯ್ದಳು. ಡಾಕ್ಟರು ಚೀಟಿಯಲ್ಲಿ ಒಂದೇ ಪದ ಬರೆದರು: ಅನಾಸ್ಮಿಯಾ. ಸಾಯುವ ರೋಗವೆಂದುಕೊಂಡು ಗಾಳೆಪ್ಪ ಎರಡು ದಿನ ಊಟ ಬಿಟ್ಟ. ಮಗಳು ಕ್ರಾಂತಿ ಆ ಚೀಟಿಯನ್ನು ಭಾನುವಾರದ ಓದುಕೂಟಕ್ಕೆ ಒಯ್ದು, ದಪ್ಪ ನಿಘಂಟು ತಿರುವಿ ಬಂದಳು.

"ಅಪ್ಪಾ, ಗ್ರೀಕ್ ಮಾತಿನ ಎರಡು ತುಂಡು ಕೂಡಿಸ್ಯಾರ. 'ಅನ್' ಅಂದ್ರ ಇಲ್ಲ. 'ಒಸ್ಮೆ' ಅಂದ್ರ ವಾಸನಿ. ವಾಸನಿ ಇಲ್ಲದ್ದು, ಅಷ್ಟ."

"ಹಂಗಂದ್ರ ಮೂಗು ಹೋದಾವ ನಾನೊಬ್ಬನ ಅಲ್ಲ?"

"ಹೆಸರಿಡೋವಷ್ಟು ಮಂದಿಗೆ ಹೋಗೈತಿ."

ಗಾಳೆಪ್ಪ ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಮರುದಿನ ಲಾಡ್ಜಿನ ಹಿಂದೆ ಹುಲುಗೇಶ ಅಂಗಿ ಕಳಚಿ, ಸೊಂಟಕ್ಕೆ ಹಗ್ಗ ಕಟ್ಟಿ ನಿಂತಿದ್ದ. ಗಾಳೆಪ್ಪ ಬೋರಲು ಮಲಗಲಿಲ್ಲ. ಮೇಸ್ತ್ರಿಯ ಮುಂದೆ ಚೀಟಿ ಹಿಡಿದ.

"ನನಗ ವಾಸನಿ ಬರಂಗಿಲ್ರಿ. ಇದಕ್ಕ ಹೆಸರು ಐತಿ, ಬರದು ಕೊಟ್ಟಾರ. ಹೋದ ಎರಡು ಗುಂಡಿಗೆ ಸುಳ್ಳು ಹೇಳಿ ಇವನ್ನ ಇಳಿಸೀನಿ."

ಹುಲುಗೇಶ ಸೊಂಟದ ಹಗ್ಗ ಬಿಚ್ಚಿದ. "ನನ್ನ ತಿಥಿ ಊಟದ ವಾಸನೀನೂ ನಿನಗ ಬರ್ತಿದ್ದಿಲ್ಲ ಬಿಡು ಮಾವಾ."

ಬೇರೆ ಯಾರಾದರೂ ನೋಡಿರೆಂದು ಕೊಟ್ರಬಸಪ್ಪ ಗದರಿದ. ಕೂಲಿಯವರಲ್ಲಿ ಒಬ್ಬರೂ ಬೋರಲು ಮಲಗಲಿಲ್ಲ. ಹುಲುಗೇಶ ಮುಚ್ಚಳದತ್ತ ಕೈ ಮಾಡಿ, "ನಿಮ್ಮ ಮೂಗು ಚಲೋ ಐತಲ್ರಿ, ನೀವ ನೋಡ್ರಿ" ಎಂದ. ಮೇಸ್ತ್ರಿ ಬಗ್ಗಿದ, ಮುಖ ತಿರುಗಿಸಿದ, ಜೇಬಿನಿಂದ ಫೋನು ತೆಗೆದ.

ಇಪ್ಪತ್ತು ವರ್ಷ ಸಿಗದಿದ್ದ ಯಂತ್ರದ ಗಾಡಿ ಹೊಸಪೇಟೆಯಿಂದ ಮಧ್ಯಾಹ್ನಕ್ಕೆ ಬಂತು. ಪೈಪು ಗುರುಗುಡುತ್ತಿತ್ತು. ಹುಲುಗೇಶ ಒಣ ಅಂಗಿ ತೊಟ್ಟು ಬೇವಿನ ನೆರಳಲ್ಲಿ ನಿದ್ದೆ ಹೋದ. ಅವನ ಎದೆ ಏರಿ ಇಳಿಯುವುದನ್ನು ನೋಡುತ್ತ ಗಾಳೆಪ್ಪ ಪಕ್ಕದಲ್ಲೇ ಕೂತಿದ್ದ.