ಮುಗಿಯದ ಎಡಗೆನ್ನೆ

ಕ್ಷೌರಿಕನ ರೋಗಕ್ಕೆ ಹೇಳಿಕೇಳಿ ಬರುವ ಅಭ್ಯಾಸವಿರಲಿಲ್ಲ. ಬೆಳಿಗ್ಗೆ ಹೂವಿನಷ್ಟು ಹಗುರಾಗಿದ್ದ ಕೈ, ಹೊತ್ತು ಏರಿದಂತೆ ನೆನೆದ ಕಂಬಳಿಯಾಗುತ್ತಿತ್ತು. ಕೂತು ದಣಿವಾರಿಸಿಕೊಂಡರೆ ಬಲ ಮರಳುವುದು. ಒಮ್ಮೊಮ್ಮೆ ಮರಳದೆಯೂ ಇರುವುದು. ನರದ ಅಪ್ಪಣೆ ಸ್ನಾಯುವಿಗೆ ಸರಿಯಾಗಿ ಮುಟ್ಟುತ್ತಿಲ್ಲವೆಂದು ಹೇಳಿ ವೈದ್ಯರು ಮಾತ್ರೆ ಕೊಟ್ಟಿದ್ದರು. ಎಡಗಣ್ಣಿನ ರೆಪ್ಪೆ ತಾನಾಗಿಯೇ ಇಳಿಯುತ್ತಿದ್ದುದರಿಂದ, ದಾರಿಹೋಕರಿಗೆ ಕಣ್ಣು ಹೊಡೆಯುತ್ತಾನೆಂಬ ಅಪವಾದವೂ ಅವನಿಗೆ ಅಂಟಿಕೊಂಡಿತ್ತು.

ಅಂಗಡಿಯ ಪಾಲುದಾರ ಅವನ ಹೆಂಡತಿಯ ತಮ್ಮ. "ಬೆಳಿಗ್ಗೆ ಹುಲಿ, ಮಧ್ಯಾಹ್ನ ಇಲಿ. ಇದ್ಯಾವ ರೋಗ ಭಾವ? ಕತ್ತಿ ನಂಗೆ ಬಿಟ್ಟು ಗಲ್ಲಾದಲ್ಲಿ ಕೂತ್ಕೊಳ್ಳಿ. ಯಾರದಾದ್ರೂ ಗಂಟಲು ಕೊಯ್ದ್ರೆ ಅಂಗಡಿಗೆ ಬೀಗವೇ" ಎನ್ನುತ್ತಿದ್ದ. ಆ ಮಾತು ಎದೆಗೆ ನಾಟುತ್ತಿತ್ತು. ಕತ್ತಿ ಕೈಬಿಟ್ಟರೆ ತಾನು ಕ್ಷೌರಿಕನಲ್ಲ, ಬರೀ ರೋಗಿ ಎಂಬುದು ಅವನ ಅಳಲು. ಹಾಗಾಗಿ ಕೈ ಸೋತಾಗಲೆಲ್ಲ ನೆಪ ಹುಡುಕುತ್ತಿದ್ದ: ನೀರು ತಣ್ಣಗಾಯಿತು, ಬ್ಲೇಡು ಮೊಂಡಾಯಿತು, ಫೋನ್ ಬಂತು.

ಅಂದು ಕೈ ಎಷ್ಟು ಚೆನ್ನಾಗಿತ್ತೆಂದರೆ, ಅವನು ಉಬ್ಬಿಹೋಗಿ, ಸಾಲಾಗಿ ಬಂದವರಿಗೆಲ್ಲ ಕ್ಷೌರ ಮಾಡಿದ. ನಡುವೆ ಕೂರಲೂ ಇಲ್ಲ. ಭಾವಮೈದುನ ಊಟಕ್ಕೆ ಹೋಗಿದ್ದಾಗ ಹಳೆಯ ಗಿರಾಕಿ ಅಂಚೆಯಣ್ಣ ಬಂದು ಕುರ್ಚಿಗೊರಗಿದ. ಬಲಗೆನ್ನೆ ಬೆಣ್ಣೆ ಸವರಿದಂತೆ ಮುಗಿಯಿತು. ಕತ್ತಿ ಗದ್ದದ ಕೆಳಗಿಳಿಯುತ್ತಿದ್ದಂತೆ ಭುಜದಿಂದ ಬಲ ಸೋರಿಹೋಯಿತು. ಹೆಬ್ಬೆರಳು ಯಾರದೋ ಬೆರಳಾಯಿತು. ಅಂಚೆಯಣ್ಣ ಕಣ್ಣು ಮುಚ್ಚಿ, ಗಂಟಲು ಒಪ್ಪಿಸಿ, ಏನನ್ನೋ ಗುನುಗುತ್ತಿದ್ದ.

ಕ್ಷೌರಿಕ ಎಡಗೈಯಿಂದ ಬಲಗೈಯನ್ನು ಹಿಡಿದು ಹಿಂದಕ್ಕೆ ತಂದು, ಕತ್ತಿಯನ್ನು ಕನ್ನಡಿಯ ಕೆಳಗಿಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಭಾವಮೈದುನ.

"ಏನ್ ಭಾವ, ನೀರು ತಣ್ಣಗಾಯ್ತಾ?"

ನೆಪ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದ.

"ಇಲ್ಲ. ಕೈ ಹೋಯ್ತು. ಇನ್ನೊಂದು ಸಲ ಎಳೆದಿದ್ರೆ ಕೊಯ್ದುಬಿಡ್ತಿದ್ದೆ."

ಅಂಚೆಯಣ್ಣ ಥಟ್ಟನೆ ಕಣ್ಣುಬಿಟ್ಟು ಗಂಟಲು ಸವರಿಕೊಂಡ. "ಇದೆ, ಸದ್ಯ! ಆದ್ರೆ ಅರ್ಧ ಮೋರೆ ಹೊತ್ಕೊಂಡು ಹೋದ್ರೆ ಮನೇಲಿ ಬಾಗಿಲು ತೆಗೆಯಲ್ಲ ಕಣಯ್ಯ."

ಭಾವಮೈದುನ ಅಂಗಿಯ ತೋಳು ಮಡಚಿ, ಕೈ ತೊಳೆದು, ಎಡಗೆನ್ನೆಗೆ ಹೊಸದಾಗಿ ನೊರೆ ಹಚ್ಚಿ, ಉಳಿದದ್ದನ್ನು ಮುಗಿಸಿದ. ಆಮೇಲೆ ಹೇಳಿದ: "ಕೈ ಸೋಲೋದಕ್ಕಿಂತ ನೀವು ಅದನ್ನ ಮುಚ್ಚಿಡೋದಕ್ಕೇ ನಂಗೆ ಭಯ ಆಗ್ತಿತ್ತು ಭಾವ."

"ಹಾಗಾದ್ರೆ ಗಲ್ಲಾನೇ ಗತಿ?"

"ಬೇಡ. ಬೆಳಿಗ್ಗೆ ಕತ್ತಿ ನಿಮ್ದೇ. ಆದ್ರೆ ಎರಡು ಗಡ್ಡ ಆದ್ಮೇಲೆ ಕೂತ್ಕೋಬೇಕು."

"ಮೂರು" ಎಂದು ಕ್ಷೌರಿಕ ಚೌಕಾಸಿಗಿಳಿದು, ಬೆರಳೆತ್ತಿ ತೋರಿಸಲು ಹೋದ. ಎರಡು ಎದ್ದವು. ಮೂರನೆಯದು ಮಡಚಿಕೊಂಡೇ ಇತ್ತು.

"ಇವನ ಕೈ ಒಪ್ಕೊಂಡಾಯ್ತು ಬಿಡಪ್ಪ" ಎಂದ ಅಂಚೆಯಣ್ಣ.